ಗೋಧಿ ಇಲ್ಲದ ಮನೆ, ಎಲ್ಲರಿಗೂ ಒಂದೇ ಒಲೆ

ಕಲಬುರಗಿಯಲ್ಲಿದ್ದುಕೊಂಡು ಗೋಧಿ ಬಿಡೋದು ಏನು ಕಷ್ಟ, ಜೋಳದ ರೊಟ್ಟಿ ತಿನ್ನೋ ಊರಲ್ವಾ ಅಂತ ಬಹಳ ಜನ ನನಗೆ ಹೇಳಿದ್ದಾರೆ. ಅದು ಅರ್ಧ ನಿಜ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ, ಎಳ್ಳು, ಅಕ್ಕಿ ಯಾವುದರಲ್ಲೂ ಗ್ಲುಟನ್, ಅಂದರೆ ಗೋಧಿಯಂಥ ಕಾಳಿನಲ್ಲಿರೋ ಅಂಟು ಪ್ರೋಟೀನು, ಇಲ್ಲ. ಆದರೆ ರೊಟ್ಟಿಯಲ್ಲಿ ಇಲ್ಲದ ಗ್ಲುಟನ್ ಗಿರಣಿಯಲ್ಲಿ ಇರುತ್ತೆ. ಇಂಗಿನ ಡಬ್ಬಿಯಲ್ಲಿ ಇರುತ್ತೆ. ಪಕ್ಕದ ಮನೆಯವರು ಪ್ರೀತಿಯಿಂದ ಕೊಡೋ ಉಂಡೆಯಲ್ಲೂ ಇರುತ್ತೆ. ಮಗಳಿಗೆ ಸೀಲಿಯಾಕ್, ಅಂದರೆ ಗ್ಲುಟನ್‌ನಿಂದ ಕರುಳು ಹಾಳಾಗೋ ಕಾಯಿಲೆ ಅಂತ ಗೊತ್ತಾದ ಮೇಲೆ ಇದನ್ನೆಲ್ಲ ಒಂದೊಂದಾಗಿ ಕಲಿತೆವು. ನಮ್ಮ ಕಡೆಯ ಅಡುಗೆಗೆ ಹೊಂದೋ ಹಾಗೆ ಯಾರಾದರೂ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು ಅಂತ ಆಗ ಅನಿಸುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಗಳು ಸಣ್ಣಗಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿದ ಹಾಗೆ. ಆಗಾಗ ಭೇದಿ, ಬಾಯಲ್ಲಿ ಹುಣ್ಣು. ಓರಗೆಯ ಮಕ್ಕಳ ಭುಜದಷ್ಟೇ ಎತ್ತರ. ಕಬ್ಬಿಣಾಂಶದ ಟಾನಿಕ್ ಬಾಟಲಿ ಮೇಲೆ ಬಾಟಲಿ ಕುಡಿಸಿದರೂ ಹಿಮೋಗ್ಲೋಬಿನ್ ಮೇಲೇಳಲಿಲ್ಲ. ನಮ್ಮ ಮಕ್ಕಳ ಡಾಕ್ಟರಿಗೆ ಸಂಶಯ ಬಂದಿದ್ದೇ ಅಲ್ಲಿ. ಟಾನಿಕ್ ಕೊಟ್ಟರೂ ಮೈಗೆ ಹತ್ತುತ್ತಿಲ್ಲ ಅಂದರೆ ಕರುಳು ಅದನ್ನು ಹೀರಿಕೊಳ್ಳುತ್ತಿಲ್ಲ ಅಂತ ಅರ್ಥ ಅಂದರು. ಸೀಲಿಯಾಕ್ ಇದೆಯಾ ಅಂತ ನೋಡೋ ಟಿಟಿಜಿ ಅನ್ನೋ ರಕ್ತಪರೀಕ್ಷೆ ಬರೆದುಕೊಟ್ಟರು. ಜೊತೆಗೆ ಒಂದು ಮಾತು ಒತ್ತಿ ಹೇಳಿದರು: ಪರೀಕ್ಷೆಗಳು ಪೂರ್ತಿ ಮುಗಿಯೋವರೆಗೆ ಚಪಾತಿ ನಿಲ್ಲಿಸಬೇಡಿ. ಮೊದಲೇ ಗೋಧಿ ಬಿಟ್ಟರೆ ರಿಪೋರ್ಟ್ ಸರಿ ಇದೆ ಅಂತ ಸುಳ್ಳು ತೋರಿಸಬಹುದು, ಕಾಯಿಲೆ ಒಳಗೇ ಉಳಿದುಬಿಡುತ್ತೆ. ಸಂಶಯ ಬಂದ ಕೂಡಲೇ ಗೋಧಿ ಬಿಡಿಸೋಣ ಅಂತ ಯಾವ ತಾಯಿಗಾದರೂ ಅನಿಸುತ್ತೆ. ಹಾಗಾಗಿ ಈ ಮಾತು ಎಲ್ಲರಿಗೂ ಗೊತ್ತಿರಬೇಕು.

ರಕ್ತ ಕಲಬುರಗಿಯಲ್ಲೇ ಕೊಟ್ಟೆವು. ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಕರುಳು ನೋಡೋ ಎಂಡೋಸ್ಕೋಪಿಗೆ ಹೈದರಾಬಾದಿಗೆ ಹೋದೆವು. ಸಣ್ಣಕರುಳಿನ ಒಳಗೋಡೆಯಲ್ಲಿ ಕೂದಲಿನಂಥ ಸಣ್ಣ ಎಳೆಗಳು ಇರುತ್ತವೆ, ಊಟದ ಸತ್ವ ಹೀರಿಕೊಳ್ಳೋದು ಅವೇ. ಗೋಧಿ, ಬಾರ್ಲಿ, ರೈ ಈ ಮೂರರಲ್ಲಿರೋ ಗ್ಲುಟನ್ ಹೊಟ್ಟೆಗೆ ಹೋದಾಗ ಸೀಲಿಯಾಕ್ ಇರೋರ ದೇಹ ತನ್ನ ಕರುಳಿನ ಮೇಲೇ ತಾನು ದಾಳಿ ಮಾಡುತ್ತೆ. ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಇದಕ್ಕೆ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಗ್ಲುಟನ್ ಪೂರ್ತಿ ಬಿಡೋದೊಂದೇ ಔಷಧ, ಅದೂ ಬದುಕಿಡೀ. ನೆದರ್‌ಲ್ಯಾಂಡಿನಲ್ಲಿ ವಿಲ್ಲೆಮ್ ಡಿಕೆ ಅಂತ ಮಕ್ಕಳ ವೈದ್ಯರೊಬ್ಬರಿದ್ದರು. 1944-45ರ ಚಳಿಗಾಲದಲ್ಲಿ ಅಲ್ಲಿ ಯುದ್ಧದಿಂದ ಊಟಕ್ಕೆ ತತ್ವಾರವಾಯಿತು, ಬ್ರೆಡ್ ಸಿಗಲಿಲ್ಲ. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ವಾಪಸ್ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಗೋಧಿಯೇ ಕಾರಣ ಅನ್ನೋ ಅವರ ಅನುಮಾನ ಆಗ ಗಟ್ಟಿಯಾಯಿತು. ಆ ಕಥೆ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಟಿಫಿನ್ನಿಗೆ ಚಪಾತಿ, ಚಹಾಕ್ಕೆ ಬಿಸ್ಕೀಟು, ಸಂಜೆಗೆ ಉಪ್ಪಿಟ್ಟು. ಬೆಳೆಯಲಿ ಅಂತ ಕೊಟ್ಟಿದ್ದೆಲ್ಲ ಗೋಧಿಯದೇ.

ಇದು ವಂಶದಲ್ಲಿ ಬರೋ ಗುಣ ಇರೋದರಿಂದ ನನಗೆ, ಯಜಮಾನರಿಗೆ, ಸಣ್ಣವನಿಗೂ ರಕ್ತಪರೀಕ್ಷೆ ಆಯಿತು. ಮೂವರದೂ ಸರಿ ಇತ್ತು.

ಆಹಾರತಜ್ಞೆಯ ಮುಂದೆ ಕೂತಾಗ ನಾನು ಧೈರ್ಯದಿಂದಲೇ ಹೇಳಿದೆ, ನಮ್ಮದು ರೊಟ್ಟಿ ಊಟ ಮೇಡಂ, ತೊಂದರೆ ಇಲ್ಲ ಅಂತ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಜೋಳ ಎಲ್ಲಿ ಬೀಸಿಸ್ತೀರಿ?"

ನಮ್ಮ ಓಣಿಯ ಗಿರಣಿಗೆ ಹೋಗಿ ನಿಂತು ನೋಡಿದೆ. ವರ್ಷಗಳಿಂದ ಹೋಗುತ್ತಿದ್ದ ಜಾಗ, ಈ ಕಣ್ಣಿಂದ ನೋಡಿದ್ದು ಅವತ್ತೇ. ಗೋಧಿಗೆ ಒಂದು ಯಂತ್ರ, ಜೋಳಕ್ಕೆ ಇನ್ನೊಂದು. ನಡುವೆ ಮೊಳದಷ್ಟು ಜಾಗ. ಹಿಟ್ಟು ಬೀಳೋ ಬಟ್ಟೆಯ ಕೊಳವೆ ಎರಡಕ್ಕೂ ಬೇರೆ, ಆದರೆ ಹಿಟ್ಟು ಬಾಚೋ ಕುಂಚ ಒಂದೇ. ಗೋಡೆ, ಬಲ್ಬು, ವೈರು, ಮೇಲಿನ ಜೇಡರಬಲೆ ಎಲ್ಲದರ ಮೇಲೆ ಬಿಳಿ ಪುಡಿ ಕೂತಿತ್ತು. ಗಿರಣಿಯ ಕಾಕಾನಿಗೆ ವಿಷಯ ಬಿಡಿಸಿ ಹೇಳಿದೆ. ಅವರು ಮೇಲೆ ನೋಡಿ, ಕೈಯಲ್ಲಿನ ಹಿಟ್ಟು ಝಾಡಿಸಿಕೊಂಡು ಹೇಳಿದರು: "ಕಲ್ಲು ಬ್ಯಾರೆ ಇದ್ದರ ಏನಾತವ್ವಾ, ಹಿಟ್ಟು ಹಾರತದ ನೋಡು. ನಾ ಎಷ್ಟು ಝಾಡಿಸಿದರೂ ಗೋಧಿ ಇಲ್ಲಂತ ಆಣಿ ಮಾಡಿ ಹೇಳಲಿಕ್ಕ ಆಗಂಗಿಲ್ಲ. ಕೂಸಿನ ಜೀವದ ಮಾತದ, ಮನ್ಯಾಗ ಬೀಸಿಕೊಳ್ರಿ." ಗಿರಾಕಿ ಹೋದರೂ ಪರವಾಗಿಲ್ಲ ಅಂತ ನಿಜ ಹೇಳಿದ ಅವರ ಮೇಲೆ ನನಗೆ ಇವತ್ತಿಗೂ ಗೌರವ.

ಹಿಟ್ಟಿನ ಪುಡಿ ಅಷ್ಟು ಮುಖ್ಯವಾ ಅಂತ ಕೇಳೋರಿದ್ದಾರೆ. ಮುಖ್ಯ. ನಮ್ಮ ದೇಶದ ನಿಯಮದಲ್ಲಿ ಒಂದು ಕಿಲೋ ಪದಾರ್ಥದಲ್ಲಿ ಗ್ಲುಟನ್ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಗ್ಲುಟನ್‌ರಹಿತ ಅಂತ ಬರೆಯಬಹುದು. 20 ಮಿಲಿಗ್ರಾಂ ಅಂದರೆ ಚಿಟಿಕೆಗಿಂತಲೂ ಎಷ್ಟೋ ಕಡಿಮೆ. ಗಿರಣಿಯಲ್ಲಿ ಹಿಂದಿನವರ ಗೋಧಿ ಒಂದು ಹಿಡಿ ಯಂತ್ರದಲ್ಲಿ ಉಳಿದಿದ್ದರೆ, ನಂತರ ಬಂದ ಜೋಳದ ಹಿಟ್ಟು ಆ ಲೆಕ್ಕವನ್ನು ಎಲ್ಲೋ ದಾಟಿರುತ್ತೆ.

ಸ್ವಲ್ಪ ದಿನ ಮಿಕ್ಸಿಯಲ್ಲಿ ಬೀಸಿ, ಸಾಣಿಗೆ ಹಿಡಿದು ದಾಟಿಸಿದೆವು. ಮಿಕ್ಸಿಯ ಹಿಟ್ಟು ಬಿಸಿಯಾಗುತ್ತೆ, ತರಿ ಉಳಿಯುತ್ತೆ, ರೊಟ್ಟಿ ಅಂಚಲ್ಲಿ ಸೀಳುತ್ತೆ. ಆಮೇಲೆ ಮನೆಯಲ್ಲೇ ಬೀಸೋ ಸಣ್ಣ ಗಿರಣಿ ತಂದೆವು. ಅಂಗಡಿಯವರು ಘರಘಂಟಿ ಅಂತಾರಲ್ಲ, ಅದು. ಫ್ರಿಜ್ ತಗೊಂಡಷ್ಟೇ ಯೋಚನೆ ಮಾಡಬೇಕಾದ ಖರ್ಚು. ಆದರೆ ಈ ಕಾಯಿಲೆ ಇರೋ ಮನೆಗೆ ನಾನು ಮೊದಲು ಹೇಳೋದು ಇದನ್ನೇ. ಹೊಸದನ್ನೇ ತಗೊಳ್ಳಿ, ಬೇರೆಯವರು ಗೋಧಿ ಬೀಸಿದ್ದು ಬೇಡ. ನಮ್ಮದರಲ್ಲಿ ಜೋಳ, ಸಜ್ಜೆ, ಅಕ್ಕಿ, ಕಡಲೆಬೇಳೆ ಮಾತ್ರ ಬೀಸುತ್ತೇವೆ. "ನಮ್ಮದೂ ನಾಕು ಕಿಲೋ ಗೋಧಿ ಬೀಸಿ ಕೊಡ್ರಿ" ಅಂತ ಯಾರು ಕೇಳಿದರೂ ಇಲ್ಲ. ಅದನ್ನು ಹೇಳೋದು ಅತ್ತೆಯ ಜವಾಬ್ದಾರಿ. ಅವರು ಹೇಳಿದರೆ ಯಾರಿಗೂ ಬೇಜಾರಾಗಲ್ಲ.

ಬೀಸೋದಕ್ಕೂ ಮುಂಚೆ ಹಸನು ಮಾಡೋ ಕೆಲಸ ಇದೆ. ಜೋಳ ನನ್ನ ತವರಿನ ಹೊಲದ್ದು, ಜೇವರ್ಗಿ ಕಡೆಯದು. ಮಾಲದಂಡಿ ಬಿಳಿಜೋಳ, ಹಿಂಗಾರಿ ಬೆಳೆ. ಗೋಧಿಯೂ ಅದೇ ಹಂಗಾಮಿನದು. ರಾಶಿ ಮಾಡೋ ಮಷೀನು ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತೆ, ಚೀಲಗಳೂ ಅದಲುಬದಲಾಗುತ್ತವೆ. ಹಾಗಾಗಿ ಎಷ್ಟೇ ಒಳ್ಳೆ ಜೋಳ ಆದರೂ ಅಲ್ಲೊಂದು ಇಲ್ಲೊಂದು ಗೋಧಿ ಕಾಳು ಇದ್ದೇ ಇರುತ್ತೆ. ಮಧ್ಯಾಹ್ನ ಊಟ ಆದಮೇಲೆ ಅತ್ತೆ ಚಾಳೀಸು ಹಾಕಿಕೊಂಡು ಕಟ್ಟೆಯ ಮೇಲೆ ಪರಾತ ಹಿಡಿದು ಕೂರುತ್ತಾರೆ. ಗುಂಡನೆಯ ಮುತ್ತಿನಂಥ ಜೋಳದ ನಡುವೆ ಉದ್ದನೆಯ, ನಡುವೆ ಗೀರು ಇರೋ ಕಂದು ಕಾಳು ಬೇಗ ಕಣ್ಣಿಗೆ ಬೀಳುತ್ತೆ. ಮಗಳೂ ಪಕ್ಕ ಕೂರುತ್ತಾಳೆ. "ಆಯಿ, ಸಿಕ್ತು!" ಅಂತ ಕೂಗುತ್ತಾಳೆ. ಆರಿಸಿದ ಮೇಲೆ ಒಮ್ಮೆ ತೊಳೆದು ಬಿಸಿಲಿಗೆ ಹರವುತ್ತೇವೆ. ಕಲಬುರಗಿಯ ಬಿಸಿಲಿಗೆ ಒಣಗೋದು ತಡವಾಗಲ್ಲ.

ಅಡುಗೆಮನೆಯಲ್ಲಿ ಏನೇನು ಹೊರಗೆ ಹೋಯಿತು ಅಂತ ಹೇಳಬೇಕು. ಸಾಣಿಗೆ ಮೊದಲು ಹೋಯಿತು. ಅದರ ಸಂದಿಯಲ್ಲಿ ಕೂತ ಹಿಟ್ಟು ಯಾವ ತೊಳೆಯೋದಕ್ಕೂ ಹೋಗಲ್ಲ. ಕಟ್ಟಿಗೆಯ ಲಟ್ಟಣಿಗೆ, ಮಣೆ, ಕಟ್ಟಿಗೆಯ ಸೌಟು ಹೋದವು. ಸ್ಟೀಲು ಪಾತ್ರೆ ತೊಳೆದರೆ ಸಾಕು. ಕಬ್ಬಿಣದ ಹಂಚು ಚೆನ್ನಾಗಿ ಉಜ್ಜಿ ಕೆಂಡದಂತೆ ಕಾಯಿಸಿ ಇಟ್ಟುಕೊಂಡೆವು. ಉಪ್ಪಿನಕಾಯಿ ಜಾಡಿಯೊಳಗೆ ಚಪಾತಿ ಹಿಡಿದ ಕೈಯಲ್ಲಿನ ಚಮಚ ಎಷ್ಟು ಸಲ ಹೋಗಿತ್ತೋ, ಅದೂ ಬೇಡ ಅಂತ ಹೊಸದು ಹಾಕಿದೆವು.

ಆಗ ಒಂದು ಪ್ರಶ್ನೆ ಬಂತು. ಮಗಳಿಗೆ ಮಾತ್ರ ಬೇರೆ ಅಡುಗೆಯಾ, ಅಥವಾ ಎಲ್ಲರಿಗೂ ಒಂದೇನಾ? ಮಾವನವರಿಗೆ ರಾತ್ರಿ ಚಪಾತಿ ರೂಢಿ. ನಾನು ಕೇಳೋದಕ್ಕೂ ಹಿಂದೆಮುಂದೆ ನೋಡುತ್ತಿದ್ದೆ. ಅತ್ತೆಯೇ ತೀರ್ಮಾನ ಮಾಡಿಬಿಟ್ಟರು. "ಕೂಸಿಗೊಂದು ನಮಗೊಂದು ಅಂತ ಎರಡು ಒಲಿ ಹಚ್ಚಬ್ಯಾಡ. ಅಕಿ ಏನು ಉಣ್ತಾಳೋ ಅದನ್ನೇ ನಾವೂ ಉಣ್ಣೋಣು." ಮಾವ ತಲೆಯಾಡಿಸಿ, "ನಾ ಸಣ್ಣಾವ ಇದ್ದಾಗ ಗೋಧಿ ಹಬ್ಬಕ್ಕಷ್ಟೇ ಕಾಣತಿದ್ದೆ" ಅಂದರು. ಅವತ್ತಿನಿಂದ ನಮ್ಮ ಮನೆಗೆ ಗೋಧಿ, ಮೈದಾ, ರವೆ, ಶಾವಿಗೆ, ಸಜ್ಜಕ ಬರಲ್ಲ. ಯಾರಿಗಾದರೂ ಪೂರಿ ತಿನ್ನೋ ಆಸೆಯಾದರೆ ಹೊರಗೆ ತಿಂದು, ಕೈತೊಳೆದುಕೊಂಡು ಬರುತ್ತಾರೆ. ಬೇರೆ ಮನೆಗಳಲ್ಲಿ ಎರಡು ಅಡುಗೆ ಮಾಡಿ ಜಾಗ್ರತೆಯಿಂದ ನಿಭಾಯಿಸೋರೂ ಇದ್ದಾರೆ, ಅದೂ ಆಗುತ್ತೆ. ಆದರೆ ಪಂಕ್ತಿಯಲ್ಲಿ ಕೂತ ಮಗು ತನ್ನ ತಾಟು ಮಾತ್ರ ಬೇರೆ ಅಂತ ದಿನಾ ನೋಡಬಾರದು ಅನ್ನೋದು ನನ್ನ ಮನಸ್ಸು.

ಈಗ ರೊಟ್ಟಿಯ ಮಾತು. ಗೋಧಿ ಹಿಟ್ಟು ತಣ್ಣೀರಲ್ಲೂ ಎಳೆದಷ್ಟು ಬರೋದು ಗ್ಲುಟನ್ ದೆಸೆಯಿಂದ. ಜೋಳಕ್ಕೆ ಆ ಅಂಟು ಇಲ್ಲ. ಅದಕ್ಕೇ ನಮ್ಮ ಹಿರಿಯರು ಕುದಿಯೋ ಎಸರು ಹಾಕಿ ಕಲೆಸೋದು. ಕುದಿನೀರಿಗೆ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತೆ. ಗೋಧಿ ಬಿಟ್ಟಿರೋರು ಈ ಒಂದು ಗುಟ್ಟು ಹಿಡಿದುಕೊಂಡರೆ ಅರ್ಧ ಅಡುಗೆ ಕೈಗೆ ಬಂದಂತೆ. ಪರಾತದಲ್ಲಿ ಹಿಟ್ಟು ಗುಡ್ಡೆ ಮಾಡಿ ನಡುವೆ ಕುಳಿ ತೆಗೆಯಿರಿ. ಉಪ್ಪು ಹಾಕಿದ ಎಸರು ಮಳಮಳ ಕುದಿಯುವಾಗ ಆ ಕುಳಿಗೆ ಸುರಿದು, ಸೌಟಿನ ಹಿಡಿಯಿಂದ ಕಲೆಸಿ, ಸ್ವಲ್ಪ ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಇದ್ದಾಗಲೇ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಒಮ್ಮೆಗೇ ಎಲ್ಲಾ ಹಿಟ್ಟು ಬೇಡ, ಒಂದೆರಡು ರೊಟ್ಟಿಗೆ ಆಗುವಷ್ಟು ತೆಗೆದುಕೊಂಡು ನಾದಿ. ಉಂಡೆ ಮಾಡಿ, ಒಣಹಿಟ್ಟು ಉದುರಿಸಿ, ಒಂದು ಕೈಯಿಂದ ಬಡಿಯುತ್ತ ಇನ್ನೊಂದು ಕೈಯಿಂದ ಅಂಚು ಸರಿ ಮಾಡುತ್ತ ತಿರುಗಿಸಿ. ಒಣಹಿಟ್ಟಿನ ಮೈ ಮೇಲೆ ಬರೋ ಹಾಗೆ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ. ನೀರು ಆರುತ್ತಿದ್ದಂತೆ ಮಗುಚಬೇಕು, ಪೂರ್ತಿ ಒಣಗಿದರೆ ಬಿರಿಯುತ್ತೆ. ಆಮೇಲೆ ಉರಿಗೆ ತೋರಿಸಿದರೆ ಉಬ್ಬುತ್ತೆ. ಹಿಟ್ಟು ಹಳೇದಾದಷ್ಟೂ ಜಿಗಿ ಕಡಿಮೆ. ಘರಘಂಟಿ ಬಂದಮೇಲೆ ವಾರಕ್ಕಾಗುವಷ್ಟೇ ಬೀಸುತ್ತೇವೆ, ರೊಟ್ಟಿ ಎಂದೂ ಇಷ್ಟು ಮೆತ್ತಗೆ ಬಂದಿರಲಿಲ್ಲ.

ಶಾಲೆಯ ಟಿಫಿನ್ನಿಗೆ ಚಪಾತಿಯ ಹಾಗೆ ಸುರುಳಿ ಸುತ್ತೋದು ಬೇಕು ಅಂತ ಮಗಳ ಹಟ. ಅದಕ್ಕೆ ದಾರಿ ಇದೆ. ಒಲೆಯ ಮೇಲಿನ ಕುದಿನೀರಿಗೇ ಹಿಟ್ಟು ಹಾಕಿ, ಉರಿ ಆರಿಸಿ, ಮುಚ್ಚಿಟ್ಟು, ಬಿಸಿ ಇರುವಾಗಲೇ ಚೆನ್ನಾಗಿ ನಾದಿದರೆ ಲಟ್ಟಿಸೋಕೆ ಬರುತ್ತೆ. ಮೂರು ಪಾಲು ಜೋಳಕ್ಕೆ ಒಂದು ಪಾಲು ಅಕ್ಕಿಹಿಟ್ಟು, ಒಂದು ಚಮಚ ಇಸಬ್ಗೋಲ್ (ನೀರು ತಾಗಿದರೆ ಜಿಗಿಯಾಗೋ ಹೊಟ್ಟು) ಸೇರಿಸಿದರೆ ತಣ್ಣಗಾದ ಮೇಲೂ ಮುರಿಯಲ್ಲ. ಒಳಗೆ ಶೇಂಗಾ ಹಿಂಡಿ, ತುಪ್ಪ. ಡಬ್ಬಿ ಖಾಲಿಯಾಗಿಯೇ ಮನೆಗೆ ಬರುತ್ತೆ.

ಇಂಗಿನ ವಿಷಯ ಎಲ್ಲರಿಗೂ ಹೇಳುತ್ತಿರುತ್ತೇನೆ. ಅಂಗಡಿಯ ಇಂಗಿನ ಪುಡಿ ಬರೀ ಇಂಗಲ್ಲ. ಅಂಟು, ಹಿಟ್ಟು ಬೆರೆಸಿ ಮಾಡಿದ್ದು, ಆ ಹಿಟ್ಟು ಬಹಳ ಸಲ ಗೋಧಿಯದು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಗೋಧಿ ಮುಟ್ಟದ ಮನೆಯಲ್ಲೂ ದಿನಾ ಒಗ್ಗರಣೆಯಲ್ಲಿ ಗೋಧಿ ಹೋಗುತ್ತಿರುತ್ತೆ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತೆ, ಹುಡುಕಬೇಕು. ನಾವು ಇಂಗನ್ನೇ ಬಿಟ್ಟೆವು. ನಮ್ಮ ತೊಗರಿಬೇಳೆಗೆ ಬಳ್ಳೊಳ್ಳಿ, ಜೀರಿಗೆ, ಕರಿಬೇವಿನ ಒಗ್ಗರಣೆಯೇ ಸಾಕು. ಖಾರಬ್ಯಾಳಿ, ಪುಂಡಿಪಲ್ಯ ಯಾವುದಕ್ಕೂ ಇಂಗಿನ ಕೊರತೆ ಕಾಣಲಿಲ್ಲ.

ಹಾಗೇ ಸೋಯಾ ಸಾಸ್, ಮಾಲ್ಟ್ ಇರೋ ಹಾಲಿನ ಪುಡಿ, ಕೆಲವು ಚಾಕೊಲೇಟು, ಅಂಗಡಿಯ ಕಡಲೆಹಿಟ್ಟು, ಇವುಗಳಲ್ಲೂ ಗೋಧಿಯೋ ಬಾರ್ಲಿಯೋ ಸೇರಿರಬಹುದು. ಪ್ಯಾಕೆಟ್ ಹಿಂದಿನ ಅಲರ್ಜಿಯ ಸಾಲು ಓದದೆ ಏನನ್ನೂ ಬುಟ್ಟಿಗೆ ಹಾಕಲ್ಲ. ಓಟ್ಸ್‌ನಲ್ಲಿ ಗೋಧಿ ಬೆರೆತಿರೋದು ಜಾಸ್ತಿ, ನಾವು ತರಲ್ಲ. ಕಡಲೆಹಿಟ್ಟು ಮನೆಯಲ್ಲೇ ಬೀಸೋದರಿಂದ ಭಾನುವಾರ ಸುಸಲಾ, ಮಿರ್ಚಿಭಜಿ ನಿಶ್ಚಿಂತೆಯಿಂದ ಆಗುತ್ತೆ. ಬಂಡಿಯ ಮಿರ್ಚಿ ಮಾತ್ರ ಇಲ್ಲ, ಅದೇ ಎಣ್ಣೆಯಲ್ಲಿ ಸಮೋಸಾ ಕರಿದಿರುತ್ತಾರೆ.

ಒಳ್ಳೆ ಮನಸ್ಸಿನಿಂದ ಸಲಹೆ ಕೊಡೋರು ಬಹಳ. ಖಪಲಿ ಗೋಧಿ ಕೊಡಿ, ಅದು ಹಳೇ ತಳಿ, ಏನೂ ಆಗಲ್ಲ ಅಂತಾರೆ. ಖಪಲಿಯೂ ಗೋಧಿಯೇ, ಅದರಲ್ಲೂ ಗ್ಲುಟನ್ ಇದೆ. ಸಕ್ಕರೆಕಾಯಿಲೆಯವರಿಗೆ ಒಳ್ಳೇದಿರಬಹುದು, ನಮ್ಮ ಮಗಳಿಗೆ ವಿಷ. ಹಬ್ಬಕ್ಕೊಮ್ಮೆ ಸ್ವಲ್ಪ ತಿಂದರೆ ಏನು ಅನ್ನೋರಿಗೂ ನಾನು ಇಲ್ಲ ಅಂತಲೇ ಹೇಳುತ್ತೇನೆ. ಹೊಟ್ಟೆನೋವು ಬರದಿದ್ದರೂ ಒಳಗೆ ಕರುಳಿಗೆ ಪೆಟ್ಟು ಬೀಳುತ್ತೆ.

ಹಬ್ಬಗಳಲ್ಲಿ ನಾಗರಪಂಚಮಿ ಸುಲಭ. ಜೋಳದ ಅಳ್ಳು, ಎಳ್ಳಿನ ಉಂಡೆ, ಶೇಂಗಾ ಉಂಡೆ, ಪುಟಾಣಿ ತಂಬಿಟ್ಟು, ಎಲ್ಲವೂ ನಮ್ಮದೇ. ಎಳ್ಳಮವಾಸ್ಯೆ ಅಂತೂ ಮಗಳಿಗಾಗಿಯೇ ಮಾಡಿದ ಹಬ್ಬದಂತಿದೆ. ತವರಿನ ಹೊಲಕ್ಕೆ ಎಲ್ಲರೂ ಹೋಗುತ್ತೇವೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಹಸಿ ತೊಗರಿ, ಹಸಿ ಕಡಲೆ, ಸೊಪ್ಪು, ಬದನೆ ಎಲ್ಲ ಸೇರಿಸಿ ಕುದಿಸಿದ ಭಜ್ಜಿ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಈ ಸಲ ವೈನಿ ಮೊದಲೇ ಫೋನ್ ಮಾಡಿ, ಸಜ್ಜೆ ಕಳಿಸ್ತೀನಿ, ನಿಮ್ಮ ಗಿರಣಿಯಾಗೇ ಬೀಸಿ ತಗೊಂಡು ಬಾ ಅಂದರು. ಹುಗ್ಗಿಯನ್ನೂ ಗೋಧಿ ಬದಲು ಜೋಳದ ನುಚ್ಚಿನಲ್ಲಿ ಮಾಡಿದ್ದರು. ಚರಗ ಚೆಲ್ಲಿ ಬಂದು ಎಲ್ಲರೂ ಸಾಲಾಗಿ ಕೂತಾಗ ಮಗಳು ಯಾವುದು ತಿನ್ನಲಿ ಅಂತ ನನ್ನ ಮುಖ ನೋಡಲಿಲ್ಲ. ತಾನೇ ಬಡಿಸಿಕೊಂಡು ಉಂಡಳು. ಗೋಧಿ ಬಿಟ್ಟ ಮೇಲೆ ಮನೆಯ ಹೊರಗೆ ಅವಳು ಹಾಗೆ ಉಂಡಿದ್ದು ನಾನು ನೋಡಿದ್ದು ಅದೇ ಮೊದಲು.

ಯುಗಾದಿ, ಹೋಳಿ ಹುಣ್ಣಿಮೆಯ ಹೋಳಿಗೆ ಕಷ್ಟ. ಕಣಕ ಇಲ್ಲದೆ ಹೂರಣವನ್ನು ತೆಳ್ಳಗೆ ಹಿಡಿದಿಡೋದು ಸುಲಭವಲ್ಲ. ಸದ್ಯಕ್ಕೆ ಅಕ್ಕಿಹಿಟ್ಟನ್ನು ಹಾಲು, ನೀರು, ಚೂರು ತುಪ್ಪದಲ್ಲಿ ಬೇಯಿಸಿ, ಇಸಬ್ಗೋಲ್ ಹಾಕಿ ನಾದಿ, ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ತಟ್ಟುತ್ತೇನೆ. ಎಲೆ ಸಮೇತ ಹಂಚಿಗೆ ಹಾಕಿ ಎಲೆ ಬಿಡಿಸಿದರೆ ಹರಿಯಲ್ಲ. ಮೈದಾ ಹೋಳಿಗೆಯಷ್ಟು ತೆಳ್ಳಗಿಲ್ಲ, ರುಚಿ ಚೆನ್ನಾಗಿದೆ. ಅದೇ ಹಿಟ್ಟಿನಲ್ಲಿ ಹೂರಣದ ಕಡಬು ಮಾಡಿ ಹಬೆಯಲ್ಲಿ ಬೇಯಿಸಿದರೆ ಇನ್ನೂ ಚೆನ್ನ.

ಮದುವೆ ಮನೆಗೆ ಡಬ್ಬಿ ಒಯ್ಯುತ್ತೇವೆ. ಅಡುಗೆಯವರನ್ನು ಮೊದಲೇ ಮಾತಾಡಿಸಿ, ಬಡಿಸೋದಕ್ಕೆ ಮುಂಚೆ ದೊಡ್ಡ ಪಾತ್ರೆಯಿಂದ ಬಿಳಿ ಅನ್ನ ತೆಗೆದಿಡಿಸಿಕೊಳ್ಳುತ್ತೇವೆ, ಮೊಸರು ನಮ್ಮದೇ. ಶರಣಬಸವೇಶ್ವರ ಗುಡಿಗೆ ಹೋದರೆ ಕಾಯಿ, ಬಾಳೆಹಣ್ಣು, ಕಲ್ಲುಸಕ್ಕರೆಯೇ ಅವಳ ಪ್ರಸಾದ. ಶಾಲೆಯ ಟೀಚರಿಗೆ ಪತ್ರ ಕೊಟ್ಟಿದ್ದೇವೆ. ಕಾಗದ ಅಂಟಿಸೋ ಮೈದಾ ಅಂಟು, ಆಟದ ಹಿಟ್ಟಿನ ಮಣ್ಣು ಮುಟ್ಟಿದರೆ ಊಟಕ್ಕೆ ಮುಂಚೆ ಸೋಪಿನಿಂದ ಕೈತೊಳೆಸಿ ಅಂತ ಅದರಲ್ಲಿದೆ. ಅವರು ಪಾಲಿಸುತ್ತಿದ್ದಾರೆ.

ಟಿಟಿಜಿ ಸಂಖ್ಯೆ ಪ್ರತಿ ರಿಪೋರ್ಟಿಗೂ ಇಳಿಯುತ್ತಿದೆ. ಹಿಮೋಗ್ಲೋಬಿನ್ ಏರಿದೆ, ಹೊಟ್ಟೆ ಇಳಿದಿದೆ, ಹಳೇ ಚಪ್ಪಲಿ ಸಣ್ಣದಾಗಿದೆ. ಮೊದಮೊದಲು ಹಾಲು ಕುಡಿದರೂ ಹೊಟ್ಟೆ ಕೆಡುತ್ತಿತ್ತು, ಕರುಳು ಮಾಗುತ್ತಾ ಅದೂ ಸರಿಹೋಯಿತು. ಇನ್ನು ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಅಂದಿದ್ದಾರೆ ಡಾಕ್ಟರು.

ಬರೋ ತಿಂಗಳು ಶಾಲೆಯವರು ಬೀದರ್ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದಾರೆ. ಕಳಿಸಲೋ ಬೇಡವೋ ಅಂತ ಯೋಚಿಸಿ ಹೂಂ ಅಂದಿದ್ದೇನೆ. ತೆಳ್ಳಗೆ ಬಡಿದು ಒಣಗಿಸಿದ ಖಡಕ್ ರೊಟ್ಟಿ ಕೆಡಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎಳ್ಳಿನ ಉಂಡೆ, ಕಮಲಾಪುರದ ಕೆಂಪು ಬಾಳೆಹಣ್ಣು. ಗೆಳತಿಯರೂ ಕೇಳುತ್ತಾರೆ, ರೊಟ್ಟಿ ಜಾಸ್ತಿ ಕಟ್ಟು ಅಂತ ಮಗಳು ಈಗಲೇ ಹೇಳಿಟ್ಟಿದ್ದಾಳೆ.